ಒಗ್ಗಟ್ಟು ಬೇಕು ಸರಿ, ಬಿಲ್ಲು ಯಾರ ಹೆಸರಿಗೆ?

ನಾಲ್ಕು ವರ್ಷಕ್ಕೊಮ್ಮೆ ಅಮೆರಿಕಾದಲ್ಲಿ ಅಧ್ಯಕ್ಷರ ಚುನಾವಣೆ ಮುಗಿದ ರಾತ್ರಿ ಎರಡು ಪದಗಳನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ವೇದಿಕೆಯ ಮೇಲೆ ಇಡುತ್ತಾರೆ. ಒಂದು 'ಭರವಸೆ', ಇನ್ನೊಂದು 'ಒಗ್ಗಟ್ಟು'. 1801ರಲ್ಲಿ ಥಾಮಸ್ ಜೆಫರ್ಸನ್ ಎರಡೂ ಪಕ್ಷದವರು ನಾವೆಲ್ಲ ಒಂದೇ ಅಂದಾಗಿನಿಂದ ಈ ಸಂಪ್ರದಾಯ ನಡೆದುಕೊಂಡು ಬಂದಿದೆ. ಗೆದ್ದವರು 'ನನಗೆ ಮತ ಹಾಕದವರಿಗೂ ನಾನೇ ಅಧ್ಯಕ್ಷ' ಅಂತಾರೆ, ಜನ ಕಣ್ಣೊರೆಸಿಕೊಳ್ಳುತ್ತಾರೆ, ಪತ್ರಿಕೆಗಳು 'ಇನ್ನು ಗಾಯ ಮಾಯುವ ಕಾಲ' ಅಂತ ಸಂಪಾದಕೀಯ ಬರೆಯುತ್ತವೆ. ಆರು ತಿಂಗಳಲ್ಲಿ ಆ ಪದಗಳು ಮತ್ತೆ ಅಟ್ಟ ಸೇರುತ್ತವೆ.

ನನ್ನ ತಕರಾರು ಇರುವುದು ಈ ಪದಗಳ ಮೇಲಲ್ಲ, ಅವನ್ನು ಬಳಸುವ ರೀತಿಯ ಮೇಲೆ. ಚುನಾವಣೆ ಮುಗಿದ ಮೇಲೆ 'ಇನ್ನಾದರೂ ಎಲ್ಲ ಒಂದಾಗೋಣ' ಅನ್ನುವ ಮಾತು ಕೇಳಲು ಚೆಂದ. ಆದರೆ ಆ ಒಂದಾಗುವಿಕೆಗೆ ದುಡ್ಡು ಕಟ್ಟುವವರು ಯಾರು ಅಂತ ಕೇಳದೆ ಚಪ್ಪಾಳೆ ತಟ್ಟಬಾರದು, ಅಷ್ಟೇ ನನ್ನ ವಾದ.

ವಾದ ಪ್ರಾಮಾಣಿಕವಾಗಿರಬೇಕಾದರೆ ಎದುರಾಳಿಯ ಅತಿ ಗಟ್ಟಿ ಉದಾಹರಣೆಯನ್ನೇ ಹಿಡಿಯಬೇಕು. ಹಾಗಾಗಿ 2008ರಿಂದಲೇ ಶುರು ಮಾಡೋಣ.

2008ರ ನವೆಂಬರ್ 4. ಷಿಕಾಗೋದ ಗ್ರಾಂಟ್ ಪಾರ್ಕಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ. ಬರಾಕ್ ಒಬಾಮಾಗೆ 365 ಎಲೆಕ್ಟೋರಲ್ ಮತ, ಜಾನ್ ಮೆಕೇನ್‌ಗೆ 173. ಮನುಷ್ಯರನ್ನು ಹರಾಜು ಹಾಕುತ್ತಿದ್ದ ದೇಶದಲ್ಲಿ ಒಬ್ಬ ಕಪ್ಪು ಮನುಷ್ಯ ಅಧ್ಯಕ್ಷನಾಗಿದ್ದ. ಇದನ್ನು ಸಣ್ಣ ಸಂಗತಿ ಅನ್ನುವವನಿಗೆ ಚರಿತ್ರೆ ಗೊತ್ತಿಲ್ಲ ಅಂತಲೇ ಅರ್ಥ. ಆ ವರ್ಷ ಅಕ್ಕ ಸಮ್ಮೇಳನ ನಡೆದದ್ದೂ ಷಿಕಾಗೋದಲ್ಲೇ, ಅಲ್ಲಿದ್ದ ನಮ್ಮವರಿಗೂ ಆ ಊರು, ಆ ಹೆಸರು ಹತ್ತಿರದ್ದು. 'ಇವನಿಗೆ ಆಗುವುದಾದರೆ ನಮ್ಮ ಮಕ್ಕಳಿಗೂ ಆಗುತ್ತೆ' ಅನ್ನುವ ಆಸೆ ಕನ್ನಡಿಗರ ಮನೆಗಳಲ್ಲೂ ಹುಟ್ಟಿದ್ದರೆ ಅದರಲ್ಲಿ ತಪ್ಪೇನಿಲ್ಲ. ಆ ರಾತ್ರಿಯ ಕಣ್ಣೀರು ಸುಳ್ಳಲ್ಲ.

ಸುಳ್ಳಾಗಿದ್ದು ಅದಕ್ಕೆ ಕೊಟ್ಟ ಅರ್ಥ.

ಆ ದಿನ ಒಬಾಮಾಗೆ ಬಂದದ್ದು ಸುಮಾರು 6.95 ಕೋಟಿ ಮತ. ಮೆಕೇನ್‌ಗೆ ಸುಮಾರು 6 ಕೋಟಿ. ಮತಗಟ್ಟೆ ಸಮೀಕ್ಷೆಗಳ ಪ್ರಕಾರ ಬಿಳಿಯರಲ್ಲಿ ಒಬಾಮಾಗೆ ಮತ ಹಾಕಿದವರು ನೂರಕ್ಕೆ 43 ಮಾತ್ರ. ಅದೇ ದಿನ, ಅದೇ ಮತಪತ್ರದಲ್ಲಿ, ಒಬಾಮಾನನ್ನು ಭಾರೀ ಅಂತರದಿಂದ ಗೆಲ್ಲಿಸಿದ ಕ್ಯಾಲಿಫೋರ್ನಿಯಾ ಸಲಿಂಗಿಗಳ ಮದುವೆಯ ಹಕ್ಕನ್ನು ಕಿತ್ತುಕೊಳ್ಳುವ 'ಪ್ರೊಪೊಸಿಷನ್ 8' ಅನ್ನೂ ನೂರಕ್ಕೆ 52 ಮತಗಳಿಂದ ಗೆಲ್ಲಿಸಿತು. ಒಂದೇ ರಾಜ್ಯ, ಒಂದೇ ದಿನ. ಒಬ್ಬರ ಮನೆಯಲ್ಲಿ ಪಾಯಸ, ಪಕ್ಕದ ಮನೆಯಲ್ಲಿ ಸೂತಕ. 'ಇಡೀ ದೇಶ ಒಂದಾಯಿತು' ಅಂತ ಬರೆದವರು ಆ ಪಕ್ಕದ ಮನೆಯ ಬಾಗಿಲು ತಟ್ಟಲೇ ಇಲ್ಲ.

ಆಮೇಲೆ ಏನಾಯಿತು ಅಂತ ನಿಮಗೂ ಗೊತ್ತು. 2009ರ ಫೆಬ್ರವರಿಯಲ್ಲಿ ಆರ್ಥಿಕ ಕುಸಿತಕ್ಕೆ ಮದ್ದಾಗಿ ತಂದ ಮಸೂದೆಗೆ ಹೌಸ್‌ನಲ್ಲಿ ಒಬ್ಬನೇ ಒಬ್ಬ ರಿಪಬ್ಲಿಕನ್ ಮತ ಹಾಕಲಿಲ್ಲ. 2010ರ ಮಾರ್ಚಿನ ಆರೋಗ್ಯ ವಿಮೆ ಕಾಯಿದೆಗೂ ಅಷ್ಟೇ, ಸೊನ್ನೆ. ಆ ನವೆಂಬರ್‌ನಲ್ಲಿ ಡೆಮಾಕ್ರಟರು ಹೌಸ್‌ನಲ್ಲಿ 63 ಸ್ಥಾನ ಕಳೆದುಕೊಂಡರು. 2011ರ ಏಪ್ರಿಲ್‌ನಲ್ಲಿ, ಅಧಿಕಾರದಲ್ಲಿ ಕೂತಿರುವ ಅಧ್ಯಕ್ಷ ತಾನು ಈ ದೇಶದಲ್ಲೇ ಹುಟ್ಟಿದವನು ಅಂತ ಜನನ ಪ್ರಮಾಣಪತ್ರದ ಪೂರ್ಣ ಪ್ರತಿ ತೋರಿಸಬೇಕಾಗಿ ಬಂತು. ಅದನ್ನು ಕೇಳಿ ಗಲಾಟೆ ಎಬ್ಬಿಸಿದವರಲ್ಲಿ ಮುಂಚೂಣಿಯಲ್ಲಿದ್ದವರು ಮುಂದೆ ಅದೇ ಕುರ್ಚಿಯಲ್ಲಿ ಕೂತರು!

ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿಯವರ ಕಥೆಯನ್ನೇ ನೋಡಿ. 2013ರ ನವೆಂಬರ್‌ನಲ್ಲಿ ಒಬಾಮಾ ಅವರನ್ನು ಸರ್ಜನ್ ಜನರಲ್ ಹುದ್ದೆಗೆ ಹೆಸರಿಸಿದರು. ಸೆನೆಟ್ ಒಪ್ಪಿದ್ದು 2014ರ ಡಿಸೆಂಬರ್‌ನಲ್ಲಿ, 51-43 ಮತಗಳಿಂದ. ವರ್ಷಕ್ಕೂ ಹೆಚ್ಚು ಕಾಲ ಬಾಗಿಲಲ್ಲಿ ನಿಲ್ಲಿಸಲು ಏನು ಕಾರಣ? ಬಂದೂಕಿನ ಹಿಂಸೆಯೂ ಆರೋಗ್ಯದ ಪ್ರಶ್ನೆ ಅಂತ ಅವರು ಹಿಂದೆ ಹೇಳಿದ್ದು. ಬಂದೂಕಿನ ಲಾಬಿ ಎದ್ದು ನಿಂತಿತು. ಒಬಾಮಾ ಪಕ್ಷದವರೇ ಕೆಲವರು ಹಿಂಜರಿದರು. ಭರವಸೆಯ ಅಧ್ಯಕ್ಷನಿಗೆ ಒಬ್ಬ ಡಾಕ್ಟರನ್ನು ಕುರ್ಚಿಯಲ್ಲಿ ಕೂರಿಸಲು ಬೇಕಾದ ಕಾಲ ಇಷ್ಟು.

ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. 'ಒಬಾಮಾ ಬರೀ ಮಾತುಗಾರ, ಮೋಸ ಮಾಡಿದ' ಅನ್ನುವುದು ಒಂದು. 'ಅವನು ಒಳ್ಳೆಯವನೇ, ವಿರೋಧಿಗಳು ಬಿಡಲಿಲ್ಲ' ಅನ್ನುವುದು ಇನ್ನೊಂದು. ಎರಡೂ ಉತ್ತರಗಳ ತಳದಲ್ಲಿ ಇರುವುದು ಒಂದೇ ನಂಬಿಕೆ: ಒಬ್ಬ ಅಧ್ಯಕ್ಷ ದೇಶವನ್ನು ಒಂದು ಮಾಡಬಲ್ಲ ಅಂತ. ಅದೇ ತಪ್ಪು. ಚುನಾವಣೆ ಇರುವುದು ಭಿನ್ನಾಭಿಪ್ರಾಯವನ್ನು ಕೊನೆ ಮಾಡುವುದಕ್ಕಲ್ಲ, ಹೊಡೆದಾಡದೆ ಒಂದು ತೀರ್ಮಾನಕ್ಕೆ ಬರುವುದಕ್ಕೆ. ಹೌಸ್ ಬೇರೆ, ಸೆನೆಟ್ ಬೇರೆ, ಐವತ್ತು ರಾಜ್ಯಗಳು ಬೇರೆ, ಸೆನೆಟ್‌ನಲ್ಲಿ ಮಹತ್ವದ ಮಸೂದೆಗಳಿಗೆಲ್ಲ ಬಹುಪಾಲು 60 ಮತ ಬೇಕು. ಆ ದೇಶದ ಯಂತ್ರವನ್ನು ಕಟ್ಟಿರುವುದೇ ಯಾರೂ ಸುಲಭವಾಗಿ ಎಳೆದುಕೊಂಡು ಹೋಗದ ಹಾಗೆ. ಜಗಳವಾಡಲು ಕಟ್ಟಿದ ಮನೆಯಲ್ಲಿ ಯಜಮಾನ ಬದಲಾದ ಮಾತ್ರಕ್ಕೆ ಜಗಳ ನಿಲ್ಲುತ್ತಾ?

*

ಈಗ ಬಿಲ್ಲಿನ ವಿಷಯಕ್ಕೆ ಬರೋಣ. ಅಧ್ಯಕ್ಷರ ಚುನಾವಣೆಯ ನಂತರ ಅಮೆರಿಕಾ ನಿಜಕ್ಕೂ 'ಒಂದಾದ' ಉದಾಹರಣೆ ಇದೆ. 1876ರ ಚುನಾವಣೆ. ಸ್ಯಾಮ್ಯುಯೆಲ್ ಟಿಲ್ಡನ್‌ಗೆ ಜನರ ಮತ ಎರಡೂವರೆ ಲಕ್ಷದಷ್ಟು ಹೆಚ್ಚು, ಎಲೆಕ್ಟೋರಲ್ ಮತ 184, ಬೇಕಾಗಿದ್ದದ್ದು 185. ಉಳಿದ 20 ಮತಗಳ ಮೇಲೆ ವಿವಾದ. 15 ಜನರ ಆಯೋಗ ಕೂತು 8-7ರಿಂದ ಎಲ್ಲ ಇಪ್ಪತ್ತನ್ನೂ ರುದರ್‌ಫರ್ಡ್ ಹೇಯ್ಸ್‌ಗೆ ಕೊಟ್ಟಿತು. ಹೇಯ್ಸ್ 185-184ರಲ್ಲಿ ಗೆದ್ದರು. ಅಂತರ್ಯುದ್ಧ ಮುಗಿದು ಇನ್ನೂ ಹನ್ನೆರಡು ವರ್ಷ ಆಗಿರಲಿಲ್ಲ. ಮತ್ತೆ ಬಂದೂಕು ಹಿಡಿಯುತ್ತಾರೇನೋ ಅನ್ನುವ ಭಯ ಇತ್ತು. ಹಿಡಿಯಲಿಲ್ಲ. ಉತ್ತರ, ದಕ್ಷಿಣ ಕೈಕುಲುಕಿದವು.

ಯಾವ ಷರತ್ತಿನ ಮೇಲೆ ಅಂತ ಕೇಳಿ. 1877ರ ಏಪ್ರಿಲ್‌ನಲ್ಲಿ ಸೌತ್ ಕ್ಯಾರೊಲೈನಾ ಮತ್ತು ಲೂಸಿಯಾನಾದ ಶಾಸನಭವನಗಳನ್ನು ಕಾಯುತ್ತಿದ್ದ ಕೇಂದ್ರದ ಸೈನಿಕರನ್ನು ವಾಪಸು ಕರೆಸಿಕೊಳ್ಳಲಾಯಿತು. ಸಂವಿಧಾನದ 15ನೇ ತಿದ್ದುಪಡಿ 1870ರಲ್ಲಿ ಕಪ್ಪು ಗಂಡಸರಿಗೆ ಕೊಟ್ಟಿದ್ದ ಮತದ ಹಕ್ಕು ಇನ್ನು ದಕ್ಷಿಣದ ಬಿಳಿಯರ ದಯೆಯ ಮೇಲೆ ಬಿತ್ತು. ಆ ದಯೆ ಎಂಥದ್ದು ಅಂತ ಬೇಗನೇ ಗೊತ್ತಾಯಿತು. 1890ರಲ್ಲಿ ಮಿಸಿಸಿಪ್ಪಿ ಹೊಸ ಸಂವಿಧಾನ ಬರೆದು ಮತದಾನಕ್ಕೆ ತಲೆಗಂದಾಯ, ಓದುಬರಹದ ಪರೀಕ್ಷೆ ಹೇರಿತು. ಉಳಿದ ರಾಜ್ಯಗಳು ಹಿಂಬಾಲಿಸಿದವು. 1964ರಲ್ಲಿ ಕೂಡ ಮಿಸಿಸಿಪ್ಪಿಯಲ್ಲಿ ಮತದಾರರ ಪಟ್ಟಿಯಲ್ಲಿದ್ದ ಕಪ್ಪು ವಯಸ್ಕರು ನೂರಕ್ಕೆ ಏಳಕ್ಕಿಂತ ಕಡಿಮೆ. 1965ರ ಮತದಾನ ಹಕ್ಕುಗಳ ಕಾಯಿದೆ ಬರುವವರೆಗೆ ಅಂದರೆ 88 ವರ್ಷ!

ಇದು ಒಗ್ಗಟ್ಟಿನ ಬೆಲೆ. ಕೈಕುಲುಕಿದ ಇಬ್ಬರೂ ಒಂದು ಪೈಸೆ ಕೊಡಲಿಲ್ಲ. ಬಿಲ್ಲು ಹೋದದ್ದು ಆ ಕೋಣೆಯೊಳಗೆ ಕುರ್ಚಿಯೇ ಇಲ್ಲದ ಮೂರನೆಯವನ ಹೆಸರಿಗೆ. ನಮ್ಮಲ್ಲೂ ಊರಿನ ಪಂಚಾಯ್ತಿಗಳಲ್ಲಿ ಇಂಥ 'ರಾಜಿ' ನೋಡಿದವರಿಗೆ ಇದು ಅರ್ಥವಾಗಲು ಕಷ್ಟವಿಲ್ಲ. ಇಬ್ಬರು ಗೌಡರು ಒಂದಾದರೆ ಊರು ತಣ್ಣಗಾಯಿತು ಅಂತಾರೆ. ಯಾರ ಹೊಟ್ಟೆ ತಣ್ಣಗಾಯಿತು ಅಂತ ಯಾರೂ ಕೇಳಲ್ಲ.

'ಅದೆಲ್ಲ ಹಳೇ ಕಥೆ ಬಿಡಿ' ಅನ್ನಬಹುದು. ಸರಿ, ಹೊಸ ಕಥೆ. 2013ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು 5-4ರಿಂದ ಅದೇ 1965ರ ಕಾಯಿದೆಯ ಒಂದು ಮುಖ್ಯ ಭಾಗವನ್ನು ಹೊಡೆದುಹಾಕಿತು. ತಾರತಮ್ಯದ ಚರಿತ್ರೆ ಇರುವ ರಾಜ್ಯಗಳು ಮತದಾನದ ನಿಯಮ ಬದಲಿಸುವ ಮುನ್ನ ಕೇಂದ್ರದ ಅನುಮತಿ ಪಡೆಯಬೇಕು ಅನ್ನುವ ಕಟ್ಟಳೆ ಯಾವ ರಾಜ್ಯಗಳಿಗೆ ಅನ್ವಯಿಸುತ್ತೆ ಅಂತ ನಿರ್ಧರಿಸುವ ಸೂತ್ರವೇ ಬಿದ್ದುಹೋಯಿತು. ಬಹುಮತದ ವಾದ ಏನು ಗೊತ್ತಾ? ದೇಶ ಬದಲಾಗಿದೆ, ಕಪ್ಪು ಜನ ಈಗ ದೊಡ್ಡ ಸಂಖ್ಯೆಯಲ್ಲಿ ಮತ ಹಾಕುತ್ತಿದ್ದಾರೆ ಅಂತ. ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಇದಕ್ಕೆ ಕೊಟ್ಟ ಹೋಲಿಕೆ ಪ್ರಸಿದ್ಧ: ಮಳೆಯಲ್ಲಿ ನೆನೆಯುತ್ತಿಲ್ಲ ಅಂತ ಕೊಡೆ ಬಿಸಾಡಿದ ಹಾಗೆ. ತೀರ್ಪು ಬಂದ ದಿನವೇ ಟೆಕ್ಸಾಸ್ ತಡೆಹಿಡಿಯಲ್ಪಟ್ಟಿದ್ದ ತನ್ನ ಗುರುತಿನ ಚೀಟಿ ಕಾನೂನನ್ನು ಜಾರಿ ಮಾಡುವುದಾಗಿ ಹೇಳಿತು.

ಗಮನಿಸಿ. 2008ರ ಸಂಭ್ರಮದಲ್ಲಿ 'ಅಮೆರಿಕಾ ವರ್ಣಭೇದವನ್ನು ದಾಟಿಬಿಟ್ಟಿತು' ಅಂತ ಎಷ್ಟು ಜನ ಬರೆದರು! ಆ ಮಾತಿಗೆ ಭರವಸೆ ಅಂತ ಹೆಸರಿತ್ತು. ಐದೇ ವರ್ಷದಲ್ಲಿ 'ಕೆಲಸ ಮುಗಿಯಿತಲ್ಲ, ಇನ್ನೇಕೆ ಕಾವಲು' ಅನ್ನುವ ವಾದ ಕೋರ್ಟಿನಲ್ಲಿ ಗೆದ್ದಿತು. ಕೆಲಸ ಮುಗಿಯುವ ಮುನ್ನವೇ ಸಿಹಿ ಹಂಚುವ ಭರವಸೆ ಕಾವಲುಗಾರನನ್ನೇ ಮನೆಗೆ ಕಳಿಸುತ್ತದೆ.

*

ಹಾಗಾದರೆ ಒಗ್ಗಟ್ಟು ಅನ್ನುವುದೇ ಸುಳ್ಳಾ? ಅಲ್ಲ. ಆದರೆ ಅದು ಇರುವ ಜಾಗ ಬೇರೆ.

ನಮ್ಮ ಭಾಷೆಯಲ್ಲಿ ಎರಡು ಪದಗಳಿವೆ: ಒಮ್ಮತ, ಒಗ್ಗಟ್ಟು. ಒಮ್ಮತ ಅಂದರೆ ಎಲ್ಲರಿಗೂ ಒಂದೇ ಮತ, ಒಂದೇ ಅಭಿಪ್ರಾಯ. ಒಗ್ಗಟ್ಟಿನಲ್ಲಿ ಇರುವುದು ಕಟ್ಟು. ಕಟ್ಟಳೆ, ಕಟ್ಟುಪಾಡು ಅನ್ನುವಾಗ ಬರುವ ಕಟ್ಟು. ಸೌದೆಯ ಕಟ್ಟಿನಲ್ಲಿ ಸೊಟ್ಟ ಕೋಲೂ ಇರುತ್ತೆ, ನೆಟ್ಟಗಿನದ್ದೂ ಇರುತ್ತೆ, ಹಿಡಿದಿಡುವುದು ಹಗ್ಗ. ಚುನಾವಣೆ ಮುಗಿದ ಮೇಲೆ ನಾಯಕರು ಒಗ್ಗಟ್ಟು ಅಂತ ಹೇಳಿ ಕೇಳುವುದು ಒಮ್ಮತವನ್ನು, ಅಂದರೆ 'ಇನ್ನು ಬಾಯಿ ಮುಚ್ಚಿಕೊಂಡು ನಮ್ಮ ಜೊತೆ ಬನ್ನಿ' ಅಂತ. ಪ್ರಜಾಪ್ರಭುತ್ವಕ್ಕೆ ಒಮ್ಮತ ಬೇಕಿಲ್ಲ, ಹಗ್ಗ ಬೇಕು.

ಆ ಹಗ್ಗದ ತುದಿ ಇರುವುದು ಗೆದ್ದವನ ಕೈಯಲ್ಲಲ್ಲ, ಸೋತವನ ಕೈಯಲ್ಲಿ. ಗ್ರಾಂಟ್ ಪಾರ್ಕಿನ ಭಾಷಣ ಎಲ್ಲರಿಗೂ ನೆನಪಿದೆ. ಅದೇ ರಾತ್ರಿ ಫೀನಿಕ್ಸ್‌ನಲ್ಲಿ ಮೆಕೇನ್ ಮಾಡಿದ ಭಾಷಣ ಎಷ್ಟು ಜನಕ್ಕೆ ನೆನಪಿದೆ? ತಮ್ಮ ಬೆಂಬಲಿಗರೇ ಒಬಾಮಾ ಹೆಸರು ಕೇಳಿ ಕೂಗಾಡಿದಾಗ ಕೈ ಎತ್ತಿ ಸುಮ್ಮನಾಗಿಸಿದರು. 1901ರಲ್ಲಿ ಬೂಕರ್ ವಾಷಿಂಗ್ಟನ್‌ರನ್ನು ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಊಟಕ್ಕೆ ಕರೆದಾಗ ಎದ್ದ ಕೋಲಾಹಲವನ್ನು ನೆನಪಿಸಿ, ಈ ಗೆಲುವು ಕಪ್ಪು ಜನರಿಗೆ ಯಾಕೆ ದೊಡ್ಡದು ಅಂತ ತನ್ನ ಜನರಿಗೇ ಹೇಳಿದರು. ಗೆದ್ದವನಿಗೆ ಔದಾರ್ಯ ಅಗ್ಗ. ಸೋತವನಿಗೆ ಅದು ದುಬಾರಿ. ಆ ರಾತ್ರಿ ಮೆಕೇನ್ ಸ್ವಂತ ಜೇಬಿನಿಂದ ಕೊಟ್ಟರು.

ಇದರಲ್ಲೂ ಕಣ್ಣು ಮುಚ್ಚಿ ಭಕ್ತಿ ಬೇಡ. 2000ದಲ್ಲಿ ಅಲ್ ಗೋರ್ ಫ್ಲೋರಿಡಾದ 537 ಮತಗಳ ಅಂತರದಲ್ಲಿ, ಸುಪ್ರೀಂ ಕೋರ್ಟಿನ 5-4ರ ತೀರ್ಪಿನಿಂದ ಸೋತು, ಮರುದಿನವೇ ಗೌರವದಿಂದ ಸೋಲೊಪ್ಪಿಕೊಂಡರು. ಎಲ್ಲರೂ ಹೊಗಳಿದರು. 2001ರ ಜನವರಿ 6ರಂದು ಉಪಾಧ್ಯಕ್ಷರಾಗಿ ಮತ ಎಣಿಕೆಯ ಸಭೆ ನಡೆಸಿದವರೂ ಅವರೇ. ಅಂದು ಹೌಸ್‌ನ ಕಪ್ಪು ಸದಸ್ಯರು ಒಬ್ಬರಾದ ಮೇಲೆ ಒಬ್ಬರು ಎದ್ದು ಫ್ಲೋರಿಡಾದಲ್ಲಿ ತಮ್ಮ ಜನರಿಗೆ ಮತದಾನದಲ್ಲಿ ಅನ್ಯಾಯವಾಗಿದೆ ಅಂತ ಆಕ್ಷೇಪಿಸಿದರು. ನಿಯಮದ ಪ್ರಕಾರ ಜೊತೆಗೆ ಒಬ್ಬ ಸೆನೆಟರ್ ಸಹಿ ಬೇಕು. ನೂರು ಸೆನೆಟರುಗಳಲ್ಲಿ ಒಬ್ಬರೂ ಸಹಿ ಹಾಕಲಿಲ್ಲ. ಗೋರ್ ಸುತ್ತಿಗೆ ಬಡಿದರು. ನಿಯಮ ಉಳಿಯಿತು, ಉಳಿಯಬೇಕಾಗಿತ್ತು ಕೂಡ. ಆದರೆ ಆವತ್ತೂ ಬಿಲ್ಲು ಅದೇ ಹಳೇ ವಿಳಾಸಕ್ಕೇ ಹೋಯಿತು. ಹಗ್ಗ ಬೇಕು ಅನ್ನುವವರು ಅದು ಯಾರ ಕೈಯನ್ನು ಕೊಯ್ಯುತ್ತಿದೆ ಅಂತಲೂ ನೋಡಬೇಕು. ಸೋಲೊಪ್ಪಿಕೊಂಡ ಮಾರನೇ ದಿನ ಆ ದೂರು ಕೈಗೆತ್ತಿಕೊಳ್ಳದ ಒಗ್ಗಟ್ಟು ಅರ್ಧ ಒಗ್ಗಟ್ಟು.

ಹಗ್ಗ ಬಿಟ್ಟರೆ ಏನಾಗುತ್ತೆ ಅನ್ನುವುದನ್ನು ಸರಿಯಾಗಿ ಇಪ್ಪತ್ತು ವರ್ಷದ ನಂತರ ನೋಡಿದೆವು. 2020ರಲ್ಲಿ ಜೋ ಬೈಡನ್‌ಗೆ 306, ಡೊನಾಲ್ಡ್ ಟ್ರಂಪ್‌ಗೆ 232. ಟ್ರಂಪ್ ಸೋಲು ಒಪ್ಪಲಿಲ್ಲ. 60ಕ್ಕೂ ಹೆಚ್ಚು ದಾವೆಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಬಿದ್ದುಹೋದವು. 2021ರ ಜನವರಿ 6ರಂದು ಗುಂಪು ಸಂಸತ್ ಭವನಕ್ಕೆ ನುಗ್ಗಿತು. ಅಂದು ದೇಶವನ್ನು ಹಿಡಿದಿಟ್ಟವರು ಯಾರು? ಒಗ್ಗಟ್ಟಿನ ಭಾಷಣ ಮಾಡಿದವರಲ್ಲ. 11,780 ಮತ ಹುಡುಕಿಕೊಡು ಅಂತ ಅಧ್ಯಕ್ಷರೇ ಫೋನ್ ಮಾಡಿದಾಗ ಆಗಲ್ಲ ಅಂದ ಜಾರ್ಜಿಯಾದ ಬ್ರಾಡ್ ರಾಫೆನ್ಸ್‌ಪರ್ಗರ್. ಎಣಿಕೆ ನಿಲ್ಲಿಸುವ ಅಧಿಕಾರ ನನಗಿಲ್ಲ ಅಂದ ಉಪಾಧ್ಯಕ್ಷ ಮೈಕ್ ಪೆನ್ಸ್. ತಮ್ಮನ್ನು ನೇಮಿಸಿದವರ ಅರ್ಜಿಯನ್ನೇ ತಳ್ಳಿಹಾಕಿದ ನ್ಯಾಯಾಧೀಶರು. ಇವರಲ್ಲಿ ಹೆಚ್ಚಿನವರು ಬೈಡನ್‌ಗೆ ಮತ ಹಾಕುವ ಪೈಕಿ ಅಲ್ಲ. ಒಮ್ಮತ ಇರಲಿಲ್ಲ, ಕಟ್ಟು ಇತ್ತು. ಒಗ್ಗಟ್ಟು ಅಂದರೆ ಇದು. ನೋಡಲು ಬಲು ಸಪ್ಪೆ. ಇದಕ್ಕೆ ಪೋಸ್ಟರ್ ಮಾಡುವುದಕ್ಕೆ ಆಗಲ್ಲ.

ಎರಡು ವಾರದ ನಂತರ ಬೈಡನ್ ಸುಮಾರು 25,000 ಸೈನಿಕರ ಕಾವಲಿನಲ್ಲಿ ಪ್ರಮಾಣವಚನ ಸ್ವೀಕರಿಸಿ ಒಗ್ಗಟ್ಟಿನ ಬಗ್ಗೆಯೇ ಮಾತಾಡಿದರು. ನಾಲ್ಕು ವರ್ಷ ಬಿಟ್ಟು, 2025ರ ಜನವರಿ 6ರಂದು, ಕಮಲಾ ಹ್ಯಾರಿಸ್ ತನ್ನದೇ ಸೋಲಿನ ಎಣಿಕೆಯ ಸಭೆಯನ್ನು ತಾನೇ ನಡೆಸಿ, 312-226 ಅಂತ ಓದಿ ಹೇಳಿದರು. ಅರ್ಧ ಗಂಟೆಯ ಕೆಲಸ. ಸದ್ದಿಲ್ಲ, ಗದ್ದಲವಿಲ್ಲ. ಜನವರಿ 20ರಂದು ಟ್ರಂಪ್ ತಾನು ಶಾಂತಿ ತರುವವನು, ಒಂದುಗೂಡಿಸುವವನು ಅಂತ ಹೆಸರು ಉಳಿಯಬೇಕು ಅಂದರು. ಅದೇ ದಿನ ಸಂಜೆ ಜನವರಿ 6ರ ದಾಂಧಲೆಯ ಸುಮಾರು 1,500 ಆರೋಪಿಗಳಿಗೆ ಕ್ಷಮಾದಾನಕ್ಕೆ ಸಹಿ ಹಾಕಿದರು. ಅಂದು ಏಟು ತಿಂದ ಪೊಲೀಸರನ್ನು ಯಾರಾದರೂ ಕೇಳಿದರಾ? ನೋಡಿ, ಬಿಲ್ಲು ಮತ್ತೆ ಮೂರನೆಯವನಿಗೆ.

*

ಕೊನೆಗೆ ಭರವಸೆಯ ಮಾತು. ಇಷ್ಟೆಲ್ಲ ಕೇಳಿ 'ಇವನೊಬ್ಬ ಸಿನಿಕ' ಅಂತ ಯಾರಾದರೂ ಅನ್ನುವ ಮುಂಚೆ ನಾನೇ ಹೇಳುತ್ತೇನೆ, ಭರವಸೆ ಬೇಡ ಅನ್ನುತ್ತಿಲ್ಲ.

ಕನ್ನಡದಲ್ಲಿ ಈ ಪದಕ್ಕೆ ಎರಡು ಮುಖ. ನಾಯಕ ಭರವಸೆ 'ಕೊಡುತ್ತಾನೆ', ಜನ ಭರವಸೆ 'ಇಡುತ್ತಾರೆ'. ಕೊಟ್ಟಿದ್ದನ್ನು ಲೆಕ್ಕ ಕೇಳಬಹುದು, ಇಟ್ಟಿದ್ದನ್ನು ವಾಪಸು ತೆಗೆದುಕೊಳ್ಳಬಹುದು. ಬ್ಯಾಂಕಿನ ಖಾತೆ ಇದ್ದ ಹಾಗೆ. ತೊಂದರೆ ಶುರುವಾಗುವುದು ಲೆಕ್ಕವನ್ನೇ ಕೇಳದೆ, ಭರವಸೆಯನ್ನು ದೇವರ ಹುಂಡಿಗೆ ಹಾಕಿದ ಹಾಗೆ ಹಾಕಿ ಮನೆಗೆ ಬಂದು ಮಲಗಿದಾಗ. 1965ರ ಕಾಯಿದೆ ಯಾವ ವಿಜಯೋತ್ಸವದಲ್ಲೂ ಹುಟ್ಟಲಿಲ್ಲ. ಆ ಮಾರ್ಚಿನಲ್ಲಿ ಅಲಬಾಮಾದ ಸೆಲ್ಮಾ ಊರಿನ ಸೇತುವೆಯ ಮೇಲೆ ಲಾಠಿಗೆ ತಲೆ ಕೊಟ್ಟವರಿಂದ ಹುಟ್ಟಿತು. ಕೆಲವೇ ತಿಂಗಳ ಹಿಂದೆ, 1964ರಲ್ಲಿ, ಲಿಂಡನ್ ಜಾನ್ಸನ್ ಭಾರೀ ಬಹುಮತದಿಂದ ಗೆದ್ದಿದ್ದರು. ಸೆಲ್ಮಾದವರು 'ನಮ್ಮವನೇ ಗೆದ್ದನಲ್ಲ, ಇನ್ನು ಒಗ್ಗಟ್ಟಾಗಿರೋಣ, ಮುಜುಗರ ಮಾಡುವುದು ಬೇಡ' ಅಂತ ಕೂತಿದ್ದರೆ? ಅವರು ಗೆದ್ದವನ ಶಾಂತಿ ಕದಡಿದರು. ಭರವಸೆ ಇದ್ದದ್ದಕ್ಕೇ ಕದಡಿದರು. ಭರವಸೆ ಇಲ್ಲದವನು ಬೀದಿಗೆ ಬರುವುದಿಲ್ಲ, ಬಾಗಿಲು ಹಾಕಿಕೊಳ್ಳುತ್ತಾನೆ.

ದೂರ ಕೂತು ನೋಡುವ ನಮಗೂ ಇದು ಸಂಬಂಧವಿಲ್ಲದ್ದಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಆದೇಶ ಬಂದಾಗ ಬೆಂಗಳೂರಿನ ಎಷ್ಟು ಮನೆಗಳಲ್ಲಿ ರಾತ್ರಿ ನಿದ್ದೆ ಬರಲಿಲ್ಲ? ವಾಷಿಂಗ್ಟನ್ನಿನ ಬಿಲ್ಲು ಕೆಲವೊಮ್ಮೆ ನಮ್ಮ ವಿಳಾಸಕ್ಕೂ ಬರುತ್ತೆ. ಹಾಗಾಗಿ ಮುಂದಿನ ಸಲ ಯಾವ ದೇಶದಲ್ಲೇ ಆಗಲಿ, ಗೆದ್ದವರು ವೇದಿಕೆ ಹತ್ತಿ ನಾವೆಲ್ಲ ಒಂದೇ ಅಂದಾಗ ಚಪ್ಪಾಳೆಗೆ ಮುಂಚೆ ಮೂರು ಪ್ರಶ್ನೆ ಕೇಳಿ. ಸೋತವನು ಏನು ಹೇಳಿದ? ಈ ಒಗ್ಗಟ್ಟಿಗಾಗಿ ಯಾರನ್ನು ಸುಮ್ಮನಿರಲು ಹೇಳುತ್ತಿದ್ದಾರೆ? ಅವರಿಗೆ ಆ ಕೋಣೆಯಲ್ಲಿ ಕುರ್ಚಿ ಇದೆಯಾ?

ಮೂರಕ್ಕೂ ಸರಿಯಾದ ಉತ್ತರ ಸಿಕ್ಕಿದರೆ ಚಪ್ಪಾಳೆ ತಟ್ಟೋಣ, ನಾನೂ ಬರ್ತೀನಿ. ಸಿಗದಿದ್ದರೆ ಪ್ರಶ್ನೆ ಕೇಳುತ್ತಾ ಇರೋಣ. ದೇಶ ಒಡೆಯುವುದು ಪ್ರಶ್ನೆಯಿಂದಲ್ಲ, ಉತ್ತರ ಕೊಡದೆ ಮೈಕು ಆಫ್ ಮಾಡುವವರಿಂದ.

ಒಪ್ಪದವರು ಬೈದರೂ ಪರವಾಗಿಲ್ಲ, ಕಾರಣ ಕೊಟ್ಟು ಬೈಯಿರಿ. ನಮ್ಮಲ್ಲಿ ಒಮ್ಮತ ಇರಬೇಕು ಅಂತೇನಿಲ್ಲವಲ್ಲ!